ರಜೆಯ ದಿನದ ಕೂಲಿ

ಶ್ರಾವಣ ಹುಟ್ಟಿತೆಂದರೆ ಗಾಂಧಿಬಜಾರಿನ ಗ್ರಂಧಿಗೆ ಅಂಗಡಿ, ಜವಳಿ ಅಂಗಡಿ, ಸಿಹಿತಿಂಡಿಯ ಮಳಿಗೆಗಳಲ್ಲಿ ಕಾಯಂ ಆಳುಗಳು ಸಾಲದೆ ಹೋಗಿ, ವರಮಹಾಲಕ್ಷ್ಮಿಯಿಂದ ದೀಪಾವಳಿಯವರೆಗೂ, ಬೆಳಗಿನ ಹೊತ್ತಿಗೆ ಕೆಲವರು, ಸಂಜೆಯ ನೂಕುನುಗ್ಗಲಿಗೆ ಕೆಲವರು, ಹೇಳಿ ಕಳುಹಿಸಿದ ದಿನ ಮಾತ್ರ ಇನ್ನು ಕೆಲವರು ಬಂದು ದುಡಿಯುವುದು ಈ ಬಡಾವಣೆಯ ಹಳೆಯ ವಾಡಿಕೆ. ಮಲ್ಲೇಶ್ವರದ ಎಂಟನೆಯ ಅಡ್ಡರಸ್ತೆಯಲ್ಲಿಯೂ ಚಾಮರಾಜಪೇಟೆಯ ಸಣ್ಣ ಹೋಟೆಲುಗಳಲ್ಲಿಯೂ ಇದೇ ಕ್ರಮ. ಇಂತಹ ಹೋಟೆಲೊಂದರಲ್ಲಿ ನವೆಂಬರ್ 1ರ ಬೆಳಿಗ್ಗೆ, ಹೊರಗೆ ಕೆಂಪು ಹಳದಿ ಬಾವುಟಗಳ ಮೆರವಣಿಗೆ ಸಾಗುತ್ತಿದ್ದಾಗ, ನನಗೆ ಕಾಫಿ ತಂದಿಟ್ಟ ಸಪ್ಲೈಯರನ್ನು "ಇವತ್ತು ರಜೆಯಿಲ್ಲವೇನಪ್ಪ?" ಎಂದು ಕೇಳಿದೆ. "ನಮಗೆಲ್ಲಿಯ ರಜೆ ಸ್ವಾಮಿ? ಬಂದ ದಿನಕ್ಕೆ ಕಾಸು, ಬಾರದ ದಿನಕ್ಕೆ ಬರಿಗೈ" ಎಂದು ಆತ ನಗುತ್ತಲೇ ಲೋಟ ಎತ್ತಿಕೊಂಡು ಹೋದ. ಆ ಮಾತಿನಲ್ಲಿ ದೂರಿನ ಛಾಯೆಯೂ ಇರಲಿಲ್ಲ. ಮಳೆ ಬಿಸಿಲುಗಳಂತೆ ಇದೂ ಒಂದು ಸೃಷ್ಟಿನಿಯಮವೆಂದು ಆತ ನಂಬಿದ್ದಂತಿತ್ತು. ಆ ನಂಬಿಕೆ ತಪ್ಪು.

ನಮ್ಮ ರಾಜ್ಯದಲ್ಲಿ ಕೈಗಾರಿಕಾ ಸಂಸ್ಥೆಗಳ ರಾಷ್ಟ್ರೀಯ ಮತ್ತು ಹಬ್ಬದ ರಜಾದಿನಗಳ ಕಾಯಿದೆಯೆಂಬುದೊಂದು 1963ರಿಂದಲೂ ಇದೆ. ಹೆಸರಿನಲ್ಲಿ 'ಕೈಗಾರಿಕಾ' ಎಂಬ ಶಬ್ದವಿರುವುದರಿಂದ ಇದು ಗಿರಣಿಗಳಿಗೂ ಕಾರ್ಖಾನೆಗಳಿಗೂ ಮಾತ್ರ ಸಂಬಂಧಿಸಿದ್ದೆಂದು ಅನೇಕರು ಭಾವಿಸಿರುವರಾದರೂ, ಅಂಗಡಿಗಳೂ ಹೋಟೆಲುಗಳೂ ಅದರ ವ್ಯಾಪ್ತಿಯೊಳಗೇ ಇವೆ. ಜನವರಿ 26, ಮೇ 1, ಆಗಸ್ಟ್ 15, ಅಕ್ಟೋಬರ್ 2 ಮತ್ತು ನವೆಂಬರ್ 1, ಈ ಐದು ದಿನಗಳೂ, ಇವುಗಳ ಮೇಲೆ ಹಬ್ಬಗಳಿಗಾಗಿ ಇನ್ನೈದು ದಿನಗಳೂ ವೇತನಸಹಿತ ರಜೆಗಳೆಂದು ಅದು ವಿಧಿಸುತ್ತದೆ. ಅಂತಹ ದಿನ ಕೆಲಸ ಮಾಡಿಸಿಕೊಂಡರೆ, ಒಂದೋ ಆ ದಿನಕ್ಕೆ ಇಮ್ಮಡಿ ವೇತನ, ಇಲ್ಲವೇ ಆ ದಿನದ ವೇತನದೊಂದಿಗೆ ಬೇರೊಂದು ದಿನ ವೇತನಸಹಿತ ಬದಲಿ ರಜೆ. ಎರಡರಲ್ಲಿ ಯಾವುದೆಂದು ಆರಿಸುವ ಅಧಿಕಾರ ಯಜಮಾನನದಲ್ಲ, ದುಡಿದವನದು. ವರ್ಷದ ರಜೆಗಳ ಪಟ್ಟಿಯನ್ನು ಕಾರ್ಮಿಕ ನಿರೀಕ್ಷಕರಿಗೆ ಕಳುಹಿಸುವುದಲ್ಲದೆ, ಅಂಗಡಿಯಲ್ಲಿ ಎಲ್ಲರಿಗೂ ಕಾಣುವಂತೆ ತೂಗುಹಾಕತಕ್ಕದ್ದು. ಲಕ್ಷ್ಮಿಯ ಪಟವೂ ಕ್ಯಾಲೆಂಡರೂ ಇರುವ ಗೋಡೆಯಲ್ಲಿ ಈ ಪಟ್ಟಿಯನ್ನು ಮಾತ್ರ ನಾನು ಎಲ್ಲಿಯೋ ಒಂದೆರಡು ಕಡೆ ಕಂಡಿದ್ದೇನೆ.

ಇನ್ನು, ಕೆಲಸದ ವೇಳೆಯೇ ಗೊತ್ತಿಲ್ಲದವನಿಗೆ ರಜೆಯ ದಿನದ ವೇತನವೆಷ್ಟು ಎಂಬುದು ಪ್ರಶ್ನೆ. ವ್ಯಾಜ್ಯವೆಲ್ಲ ಹುಟ್ಟುವುದು ಈ ಲೆಕ್ಕದಲ್ಲಿಯೇ. ವಾರ್ಷಿಕ ರಜೆಯ ವೇತನಕ್ಕಾಗಿ 1948ರ ಕಾರ್ಖಾನೆ ಕಾಯಿದೆಯು ಹಾಕಿಕೊಟ್ಟ ಸೂತ್ರವೊಂದಿದೆ: ರಜೆಗೆ ಮುಂಚಿನ ತಿಂಗಳ ಗಳಿಕೆಯನ್ನು, ಆ ತಿಂಗಳಲ್ಲಿ ನಿಜವಾಗಿ ದುಡಿದ ದಿನಗಳಿಂದ ಭಾಗಿಸಬೇಕು. ಒಬ್ಬಾಕೆ ಹಿಂದಿನ ತಿಂಗಳು 18 ದಿನ ದುಡಿದು 10,800 ರೂಪಾಯಿ ಗಳಿಸಿದಳೆನ್ನಿ. 18ರಿಂದ ಭಾಗಿಸಿದರೆ ದಿನಕ್ಕೆ 600 ರೂಪಾಯಿ. ಗಲ್ಲಾದ ಮೇಲೆ ಕುಳಿತವರು ತಿಂಗಳಿಗೆ ಮೂವತ್ತು ದಿನವೆಂದು ಲೆಕ್ಕ ಹಿಡಿದರೆ 360. ಬಾರದ ದಿನಗಳಿಗೆ ಹೇಗೂ ಕೂಲಿಯಿಲ್ಲ. ಅವೇ ದಿನಗಳನ್ನು ಮತ್ತೆ ಭಾಜಕದಲ್ಲಿ ಸೇರಿಸಿ ರಜೆಯ ಕೂಲಿಯನ್ನೂ ಕುಗ್ಗಿಸುವುದೆಂದರೆ, ಒಂದೇ ಗೈರುಹಾಜರಿಗೆ ಎರಡು ಬಾರಿ ದಂಡ ವಿಧಿಸಿದಂತೆ. ಬ್ರಿಟನ್ನಿನಲ್ಲಿಯೂ, ಶಾಲೆ ನಡೆಯುವ ವಾರಗಳಲ್ಲಿ ಮಾತ್ರ, ಅದೂ ವಾರವಾರಕ್ಕೆ ಬದಲಾಗುವ ಗಂಟೆಗಳಲ್ಲಿ ಪಾಠ ಹೇಳುತ್ತಿದ್ದ ಸಂಗೀತ ಶಿಕ್ಷಕಿಯೊಬ್ಬರ ರಜಾ ವೇತನದ ವ್ಯಾಜ್ಯವು ಅಲ್ಲಿಯ ಸರ್ವೋಚ್ಚ ನ್ಯಾಯಾಲಯದವರೆಗೂ ಹೋಗಿ, 2022ರಲ್ಲಿ ಆಕೆಯ ಪರವಾಗಿ ಇತ್ಯರ್ಥವಾಯಿತು.

ವಾರ್ಷಿಕ ರಜೆಯ ವಿಷಯದಲ್ಲಿ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯಿದೆಯು ದುಡಿದ ಪ್ರತಿ 20 ದಿನಕ್ಕೆ ಒಂದು ದಿನದ ವೇತನಸಹಿತ ರಜೆಯನ್ನೂ, ಕಾಯಿಲೆ ಮುಂತಾದ ಸಕಾರಣಗಳಿಗಾಗಿ ವರ್ಷಕ್ಕೆ 12 ದಿನಗಳನ್ನೂ ಕೊಟ್ಟಿದೆ. ಕಾರ್ಖಾನೆಗಳಲ್ಲಿ ಇದಕ್ಕೆ ವರ್ಷಕ್ಕೆ 240 ದಿನ ದುಡಿದಿರಬೇಕೆಂಬ ನಿಬಂಧನೆಯಿತ್ತು. 2025ರ ನವೆಂಬರ್ 21ರಂದು ಜಾರಿಗೆ ಬಂದ ಕೇಂದ್ರದ ಹೊಸ ಸಂಹಿತೆಯಲ್ಲಿ ಅದು 180 ದಿನಕ್ಕೆ ಇಳಿದಿದೆ.

ಮತದಾನದ ದಿನದ ಕಾನೂನಂತೂ ದಿನಗೂಲಿಯವರನ್ನೇ ಕಣ್ಣಮುಂದಿಟ್ಟುಕೊಂಡು ಬರೆದಂತಿದೆ. ಪ್ರಜಾಪ್ರಾತಿನಿಧ್ಯ ಕಾಯಿದೆಗೆ 1996ರಲ್ಲಿ ಸೇರಿಸಿದ 135-ಬಿ ಪ್ರಕರಣದಂತೆ, ಕೆಲಸವಿಲ್ಲದ ದಿನ ಸಾಮಾನ್ಯವಾಗಿ ಕೂಲಿ ಸಿಕ್ಕದ ಕರಾರಿನ ಮೇಲೆ ದುಡಿಯುವವನಿಗೂ, ರಜೆ ಇಲ್ಲದಿದ್ದರೆ ಆ ದಿನ ಎಷ್ಟು ಗಳಿಸುತ್ತಿದ್ದನೋ ಅಷ್ಟನ್ನು ಕೊಡತಕ್ಕದ್ದು.

ಆದರೆ ಎಲ್ಲರಿಗೂ ಈ ನೆರಳು ದೊರೆತಿಲ್ಲವೆಂಬುದನ್ನು ಮುಚ್ಚಿಡಲಾಗದು. ಬಸವನಗುಡಿಯ ಐದಾರು ಮನೆಗಳಲ್ಲಿ ಮನೆಗೊಂದು ಗಂಟೆಯಂತೆ ಪಾತ್ರೆ ತಿಕ್ಕಿ ನೆಲ ಒರೆಸುವ ಹೆಂಗಸಿಗೆ ಕನಿಷ್ಠ ವೇತನವನ್ನೇನೋ ನಮ್ಮ ಸರ್ಕಾರ 2004ರಲ್ಲಿ ಗೊತ್ತುಮಾಡಿತು. ಖಾಸಗಿ ಮನೆಯು 'ಸಂಸ್ಥೆ' ಅಲ್ಲವಾದ್ದರಿಂದ 1963ರ ಕಾಯಿದೆ ಅಡುಗೆಮನೆಯ ಹೊಸ್ತಿಲಲ್ಲಿಯೇ ನಿಂತುಬಿಡುತ್ತದೆ. ಸ್ಕೂಟರಿನಲ್ಲಿ ಊಟ ಹೊತ್ತು ತಿರುಗುವ ಹುಡುಗರಿಗಾಗಿ 2025ರಲ್ಲಿ ಮಾಡಿದ ಗಿಗ್ ಕಾರ್ಮಿಕರ ಕಾಯಿದೆಯೂ ಕಲ್ಯಾಣನಿಧಿಯನ್ನು ಕೊಟ್ಟಿತೇ ಹೊರತು ರಜೆಯ ಸಂಬಳವನ್ನಲ್ಲ. ಕಾನೂನು ಸುಮ್ಮನಿದೆಯೆಂದು ಗೌರಿಹಬ್ಬದ ದಿನ ಬಾರದವಳ ಸಂಬಳವನ್ನು ಮುರಿದುಕೊಳ್ಳುವ ಗೃಹಸ್ಥರನ್ನು ಕುರಿತು ನನಗೆ ಒಳ್ಳೆಯ ಮಾತು ಬರುವುದಿಲ್ಲ.

ಹಕ್ಕನ್ನು ಕೇಳುವ ಕ್ರಮ ಕಷ್ಟದ್ದಲ್ಲ. ಮೊದಲು ಒಂದು ಪುಟ್ಟ ನೋಟುಬುಕ್ಕಿನಲ್ಲಿ, ಬಂದ ದಿನ, ಬಂದ ಹೊತ್ತು, ಹೋದ ಹೊತ್ತು, ಕೈಗೆ ಬಂದ ಹಣ, ಇಷ್ಟನ್ನು ಅಂದಂದೇ ಬರೆದಿಡತಕ್ಕದ್ದು. ಹಾಜರಿ ಪುಸ್ತಕದಲ್ಲಿ ಹೆಸರೇ ಇಲ್ಲದವನಿಗೆ ಇದೇ ಆಸರೆ. ಬಟವಾಡೆ ಈಗ ಮೊಬೈಲಿನ ಮೂಲಕ ಆಗುವುದುಂಟಷ್ಟೆ. ಆ ಸಂದೇಶಗಳನ್ನು ಅಳಿಸಬಾರದು. ಅನಂತರ ಯಜಮಾನರಿಗೆ ಬರವಣಿಗೆಯಲ್ಲಿ ಮನವಿ ಕೊಟ್ಟು ಪ್ರತಿಯೊಂದನ್ನು ಇಟ್ಟುಕೊಳ್ಳುವುದು. ಅಲ್ಲಿ ಫಲಿಸದಿದ್ದರೆ ಆಯಾ ವೃತ್ತದ ಕಾರ್ಮಿಕ ನಿರೀಕ್ಷಕರಿಗೆ ದೂರು. ಕಾರ್ಮಿಕ ಇಲಾಖೆಯ ಕಾರ್ಮಿಕ ಭವನ ಬನ್ನೇರುಘಟ್ಟ ರಸ್ತೆಯಲ್ಲಿದೆ. ಬಾಕಿ ವೇತನಕ್ಕಾಗಿ ವೇತನ ಸಂಹಿತೆಯ ಮೇರೆಗೆ ಅರ್ಜಿ ಹಾಕಲು ಮೂರು ವರ್ಷಗಳ ಅವಧಿಯುಂಟು. ಅರ್ಜಿಯನ್ನು ಕಾರ್ಮಿಕ ಸಂಘವೂ ಹಾಕಬಹುದು. ಬಾಕಿಯ ಜೊತೆಗೆ ಅದರ ಹತ್ತು ಪಟ್ಟಿನವರೆಗೆ ಪರಿಹಾರ ಕೊಡಿಸುವ ಅಧಿಕಾರ ವಿಚಾರಣಾಧಿಕಾರಿಗೆ ಇದೆ. ವೇತನ ಪಾವತಿಯಾಗಿದೆಯೆಂದು ರುಜುವಾತುಪಡಿಸುವ ಹೊಣೆ ಯಜಮಾನನದೇ.

ವಕೀಲರಿಗೆ ಕೊಡಲು ದುಡ್ಡೆಲ್ಲಿಂದ ಎಂದು ಹಿಂಜರಿಯುವವರು ಎಚ್. ಸಿದ್ಧಯ್ಯ ರಸ್ತೆಯ ನ್ಯಾಯದೇಗುಲಕ್ಕೆ ಹೋಗಬಹುದು. ರಾಜ್ಯ ಕಾನೂನು ಸೇವೆಗಳ ಪ್ರಾಧಿಕಾರವಿರುವುದು ಅಲ್ಲಿಯೇ. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯಿದೆಯಂತೆ ಹೆಂಗಸರಿಗೂ ಕೈಗಾರಿಕಾ ಕಾರ್ಮಿಕರಿಗೂ, ಅವರ ವರಮಾನ ಎಷ್ಟೆಂದು ಕೇಳದೆ, ವಕೀಲರನ್ನು ಉಚಿತವಾಗಿ ಒದಗಿಸುತ್ತಾರೆ.