ಗೀರು ಬೀಳದಂತೆ ಕಾರು ತೊಳೆಯುವ ಬಗೆ

ಕಾರಿನ ಮೈಮೇಲಿನ ಸಣ್ಣ ಗೀರುಗಳಲ್ಲಿ ಬಹಳಷ್ಟು ಬೀಳುವುದು ತೊಳೆದು ಒರೆಸುವಾಗಲೇ. ಬಣ್ಣವನ್ನು ಕಾಯುವ ಕ್ಲಿಯರ್ ಕೋಟ್ ಸಾಮಾನ್ಯವಾಗಿ 50 ಮೈಕ್ರಾನ್‌ನಷ್ಟು ತೆಳು. ದೂಳಿನ ಮರಳುಕಣ ಬಟ್ಟೆಗೆ ಸಿಕ್ಕಿ ಈ ಪದರವನ್ನು ಗೀಚಿದಾಗ, ಬಿಸಿಲಿನಲ್ಲಿ ಜೇಡರ ಬಲೆಯಂತೆ ಕಾಣುವ ಗೆರೆಗಳು ಮೂಡುತ್ತವೆ. ಒಣ ಬಟ್ಟೆಯಿಂದ ದೂಳು ಒರೆಸುವುದು ಆದ್ದರಿಂದಲೇ ತಪ್ಪು.

ಕಾರನ್ನು ನೆರಳಿನಲ್ಲಿ ನಿಲ್ಲಿಸಿ, ಬಾನೆಟ್ ತಣ್ಣಗಾದ ಮೇಲೆ ಮೇಲಿನಿಂದ ನೀರು ಸುರಿದು ಮಣ್ಣು ಇಳಿಸಬೇಕು. ಹಕ್ಕಿಯ ಹಿಕ್ಕೆ ಒಣಗಿದ್ದರೆ ಒದ್ದೆ ಬಟ್ಟೆ ಹಾಕಿ ನೆನೆಸಬೇಕೇ ಹೊರತು ಕೆರೆಯಬಾರದು. ಬಳಿಕ ಎರಡು ಬಕೆಟ್ ಬೇಕು: ಒಂದರಲ್ಲಿ ಕಾರ್ ಶಾಂಪೂ, ಇನ್ನೊಂದರಲ್ಲಿ ಬರೀ ನೀರು. ಮೈಕ್ರೋಫೈಬರ್ ಬಟ್ಟೆಯನ್ನು ಶಾಂಪೂವಿನಲ್ಲಿ ಅದ್ದಿ, ಚಾವಣಿಯಿಂದ ಆರಂಭಿಸಿ, ಒತ್ತದೆ ನೇರವಾಗಿ ಎಳೆಯಬೇಕು. ಒಂದೊಂದು ಭಾಗ ಮುಗಿದಾಗಲೂ ಬಟ್ಟೆಯನ್ನು ಬರೀ ನೀರಿನಲ್ಲಿ ಜಾಲಿಸಿದರೆ ಕೊಳೆ ಅಲ್ಲೇ ಉಳಿಯುತ್ತದೆ. ಪಾತ್ರೆ ತೊಳೆಯುವ ದ್ರವ ವ್ಯಾಕ್ಸ್ ಪದರವನ್ನು ಕಿತ್ತುಹಾಕುವುದರಿಂದ ಅದು ಬೇಡ. ಚಕ್ರಗಳಲ್ಲಿ ಬ್ರೇಕ್‌ನ ಲೋಹದ ಪುಡಿ ಇರುತ್ತದೆ. ಅವಕ್ಕೆ ಬೇರೆ ಬಟ್ಟೆ, ಬೇರೆ ಬಕೆಟ್ ಇರಲಿ. ನೆಲಕ್ಕೆ ಬಿದ್ದ ಬಟ್ಟೆಯನ್ನು ಒಗೆಯದೆ ಮತ್ತೆ ಬಳಸಬಾರದು.

ಬೋರ್‌ವೆಲ್ ನೀರು ಗಡಸಾಗಿದ್ದರೆ ಆರಿದ ಕಡೆ ಬಿಳಿ ಕಲೆ ಉಳಿಯುತ್ತದೆ. ಶಾಂಪೂ ಹೋಗುವಂತೆ ತೊಳೆದ ಕೂಡಲೇ ದಪ್ಪ ಮೈಕ್ರೋಫೈಬರ್ ಟವೆಲನ್ನು ಹಾಸಿ ನೀರು ಹೀರಿಸಬೇಕು.

ನೀರಿನ ಅಭಾವ ತೀವ್ರವಾಗಿದ್ದ 2024ರ ಮಾರ್ಚ್‌ನಲ್ಲಿ ಬೆಂಗಳೂರು ಜಲಮಂಡಳಿ ಕುಡಿಯುವ ನೀರಿನಿಂದ ವಾಹನ ತೊಳೆದರೆ 5,000 ರೂಪಾಯಿ ದಂಡ ಎಂದು ಪ್ರಕಟಿಸಿತ್ತು. ಪೈಪಿನಲ್ಲಿ ನೀರು ಹರಿಯಬಿಡದೆ ಬಕೆಟ್, ಮಗ್ಗಿನಲ್ಲೇ ಕೆಲಸ ಮುಗಿಸುವುದು ಒಳ್ಳೆಯದು.