ಮಂತ್ರದಂಡ ಕೆಳಗಿಟ್ಟವರು

ಮಗ, ರಜೆಯಲ್ಲಿ ದುದ್ದಕ್ಕೆ ಬಂದಾಗ ಆ ಏಳು ಹ್ಯಾರಿ ಪಾಟರ್ ಪುಸ್ತಕಗಳ ಕತೆಯನ್ನು ನೀನು ನನಗೆ ಪೂರ್ತಿ ಹೇಳಿದೆ. ಹುಡುಗ ಹ್ಯಾರಿ ನಿನಗೆ ಇಷ್ಟವಾದ. ನನ್ನ ಮನಸ್ಸಿನಲ್ಲಿ ಉಳಿದವನು ಆ ಬಿಳಿಗಡ್ಡದ ಗುರು ಡಂಬಲ್‌ಡೋರ್. ಅವನ ಕಾಲದಲ್ಲಿ ಅವನಷ್ಟು ದೊಡ್ಡ ಮಾಂತ್ರಿಕ ಇರಲಿಲ್ಲ, 1945ರ ದ್ವಂದ್ವದಲ್ಲಿ ಗ್ರಿಂಡೆಲ್‌ವಾಲ್ಡ್‌ನನ್ನು ಸೋಲಿಸಿದವನು ಎಂದು ನೀನು ಹೆಮ್ಮೆಯಿಂದ ಹೇಳಿದೆ. ಮಂತ್ರಿ ಪದವಿ ಎಷ್ಟೋ ಸಲ ಮನೆಬಾಗಿಲಿಗೆ ಬಂದರೂ ಬೇಡ ಎಂದನಂತೆ. ಅಧಿಕಾರ ಕೈಗೆ ಬಂದರೆ ತಾನು ಏನಾಗಬಲ್ಲೆ ಎಂದು ಅವನಿಗೇ ಗೊತ್ತಿತ್ತು. ಹರೆಯದಲ್ಲಿ ಆ ಗ್ರಿಂಡೆಲ್‌ವಾಲ್ಡ್‌ನ ಜೊತೆಗೂಡಿಯೇ ಸಾವನ್ನು ಗೆಲ್ಲುವ ಸಾಧನಗಳ ಕನಸು ಕಂಡವನು ಅವನು. ಆ ಕನಸಿನ ಜಗಳದಲ್ಲೇ ತಂಗಿ ಅರಿಯಾನಾ ಸತ್ತಳು.

ಮುಂದಿನ ಮಾತನ್ನು ನೀನು ಬೇಗ ಬೇಗ ಹೇಳಿ ಯುದ್ಧದ ಭಾಗಕ್ಕೆ ಹೊರಟುಬಿಟ್ಟೆ. ಮುದುಕನಾದ ಮೇಲೆ, ಎಲ್ಲ ಬಲ್ಲವನಾದ ಮೇಲೆ, ಸತ್ತವರನ್ನು ಕರೆಯುವ ಕಲ್ಲು ಕೂರಿಸಿದ ಉಂಗುರ ಅವನಿಗೆ ಸಿಗುತ್ತದೆ. ಅದರ ಮೇಲೆ ಶಾಪವಿದೆ ಎಂಬುದನ್ನೂ ಮರೆತು ಬೆರಳಿಗೆ ಹಾಕಿಕೊಳ್ಳುತ್ತಾನೆ. ಒಂದು ಸಲ ತಂಗಿಯನ್ನು ಕಂಡು ಕ್ಷಮೆ ಕೇಳಬೇಕಿತ್ತು, ಅಷ್ಟೆ. ಕೈ ಕರಿಕಾಗುತ್ತದೆ, ಅವನ ಸಾವು ಅಲ್ಲಿಂದಲೇ ಶುರುವಾಗುತ್ತದೆ. ನಾನು ನಿನ್ನ ಜೊತೆ ಮಾತಾಡಬೇಕಾದದ್ದು ಈ ಉಂಗುರದ ಬಗ್ಗೆ.

ನಿನ್ನ ಅಜ್ಜಿ ತೀರಿಕೊಂಡ ಮೇಲೆ ನಮ್ಮ ಮನೆಗೆ ಒಬ್ಬ ಬಂದಿದ್ದ. ಅಮ್ಮನವರ ಆತ್ಮ ಹೊಸಿಲಿನಲ್ಲೇ ನಿಂತಿದೆ, ಮಾತಾಡಿಸಿಕೊಡುತ್ತೇನೆ, ಒಂದು ಪೂಜೆ ಆಗಬೇಕು ಎಂದ. ನಿನ್ನ ಚಿಕ್ಕಪ್ಪ ಅವನನ್ನು ಕಳಿಸಿಬಿಟ್ಟ. ಕಳಿಸಿದ್ದು ಸರಿಯೇ. ಆದರೆ ಅವನ ಮಾತು ಕೇಳುವಾಗ ನನ್ನ ಎದೆ ಹೇಗೆ ಹೊಡೆದುಕೊಂಡಿತು ಎಂದು ನಿನಗೆ ಹೇಳಲೇಬೇಕು. ಮಾಟ ಮಂತ್ರ ಮಾರುವವನು ಬರುವ ಹೊತ್ತು ಅದೇ ಕಣಪ್ಪ. ಮನೆಯಲ್ಲಿ ಸಾವಾದಾಗ, ಮಗಳ ಮದುವೆ ಮುರಿದಾಗ, ಆಲೂಗಡ್ಡೆಗೆ ಅಂಗಮಾರಿ ತಗುಲಿ ಸಾಲ ಮಾತ್ರ ಉಳಿದಾಗ. ದಡ್ಡರಷ್ಟೇ ಮೋಸ ಹೋಗುತ್ತಾರೆ ಎಂದು ತಿಳಿಯಬೇಡ. ನೋವಿನಲ್ಲಿರುವವರು ಮೋಸ ಹೋಗುತ್ತಾರೆ. ನಿನ್ನ ಡಂಬಲ್‌ಡೋರ್ ದಡ್ಡನಾಗಿದ್ದನೆ?

ಈಗ ನಮ್ಮ ಕಡೆಯ ಒಬ್ಬ ಗುರುವಿನ ಕತೆ ಕೇಳು. ಅಲ್ಲಮಪ್ರಭುವಿನ ಹೆಸರು ಶಾಲೆಯಲ್ಲಿ ಕೇಳಿದ್ದೀಯ. 12ನೇ ಶತಮಾನದವನು, ಶಿವಮೊಗ್ಗ ಜಿಲ್ಲೆಯ ಬಳ್ಳಿಗಾವಿಯವನು, ಕಲ್ಯಾಣದ ಅನುಭವ ಮಂಟಪದಲ್ಲಿ ಶೂನ್ಯಸಿಂಹಾಸನ ಏರಿದವನು ಎಂದು ಪಾಠದಲ್ಲಿ ಬರೆದಿರುತ್ತದೆ. ಅಷ್ಟಕ್ಕೇ ನಿಲ್ಲಿಸಿದರೆ ಅವನು ಗೋಡೆಯ ಮೇಲಿನ ಪಟವಾಗಿ ಉಳಿಯುತ್ತಾನೆ. ಅವನ ಬದುಕನ್ನು ಕವಿಗಳು ಕಟ್ಟಿದ ಬಗೆ ನೋಡು, ಯಾವ ಮಾಂತ್ರಿಕ ಲೋಕದ ಕತೆಗೂ ಕಡಿಮೆಯಿಲ್ಲ. ಅದು ಚರಿತ್ರೆಯಲ್ಲ, ಪುರಾಣ ಎಂಬುದನ್ನು ನೆನಪಿಟ್ಟುಕೊಂಡೇ ಓದು, ಸೊಗಸು ಎಳ್ಳಷ್ಟೂ ಕಡಿಮೆಯಾಗುವುದಿಲ್ಲ.

ಹರಿಹರ ತನ್ನ ಪ್ರಭುದೇವರ ರಗಳೆಯಲ್ಲಿ ಅಲ್ಲಮನನ್ನು ದೇವಸ್ಥಾನದಲ್ಲಿ ಮದ್ದಳೆ ಬಾರಿಸುವ ಹುಡುಗನನ್ನಾಗಿ ಕಂಡ. ಕಮಲತೆ ಎಂಬ ಹುಡುಗಿಯ ಮೇಲೆ ಅವನಿಗೆ ಪ್ರೀತಿ ಹುಟ್ಟಿತು, ಮದುವೆಯಾಯಿತು, ಲೋಕವೇ ಬೇಡವೆನ್ನುವಷ್ಟು ಸುಖದಲ್ಲಿದ್ದರು. ಅವಳಿಗೆ ಜ್ವರ ಬಂತು. ಸತ್ತಳು. ಮದ್ದಳೆಯ ಅಲ್ಲಮ ಹುಚ್ಚನಂತೆ ಕಾಡುಮೇಡು ಅಲೆದ. ಹೀಗೆ ಒಂದು ದಿನ ತೋಪಿನಲ್ಲಿ ಕುಳಿತು ಸುಮ್ಮನೆ ಕಾಲುಗುರಿನಿಂದ ನೆಲ ಕೆದಕುತ್ತಿದ್ದಾಗ ಮಣ್ಣಿನೊಳಗೆ ಚಿನ್ನದ ಕಳಶದ ತುದಿ ಕಂಡಿತು. ಅಗೆಸಿದ. ಹೂತುಹೋಗಿದ್ದ ಗುಡಿ ಮೇಲೆದ್ದಿತು. ಬಾಗಿಲನ್ನು ಒದ್ದು ಒಳಹೊಕ್ಕರೆ ಅನಿಮಿಷಯ್ಯ ಎಂಬ ಯೋಗಿ ಕಣ್ಣು ರೆಪ್ಪೆ ಬಡಿಯದೆ ಕುಳಿತಿದ್ದ. ಅವನ ಕೈಯ ಲಿಂಗ ಅಲ್ಲಮನ ಕೈಗೆ ಬಂತು, ಅದನ್ನು ಕೊಟ್ಟವನ ಪ್ರಾಣ ಹೋಯಿತು.

ಇಲ್ಲಿ ಸ್ವಲ್ಪ ನಿಂತು ಯೋಚನೆ ಮಾಡು. ಹೆಂಡತಿ ಸತ್ತ ದುಃಖದಲ್ಲಿ ನೆಲ ಕೆದಕಿದವನಿಗೆ ಅಷ್ಟು ದೊಡ್ಡ ಶಕ್ತಿ ಸಿಕ್ಕಿದೆ. ಕತೆ ಕಟ್ಟುವವನು ಬೇರೆ ಯಾರಾದರೂ ಆಗಿದ್ದರೆ ಕಮಲತೆಯನ್ನು ಬದುಕಿಸಿ ತರಿಸುತ್ತಿದ್ದ. ನಮ್ಮ ಸಾವಿತ್ರಿಯ ಕತೆಯಲ್ಲಿ ಯಮನೇ ಪ್ರಾಣ ಹಿಂದಿರುಗಿಸಿಲ್ಲವೆ? ಹರಿಹರನ ಅಲ್ಲಮ ಕೇಳಲೇ ಇಲ್ಲ. ಅವಳನ್ನು ಕಳೆದುಕೊಂಡ ನೋವೇ ಅವನನ್ನು ಆ ಗುಡಿಯ ಬಾಗಿಲಿಗೆ ತಂದಿತ್ತು, ಅವನು ಒಳಗೆ ಹೋದ, ಅಲ್ಲಿಂದ ಮುಂದೆ ನಡೆದ. ನಾನು ಇದನ್ನು ಎಷ್ಟೋ ಸಲ ಓದಿದ್ದೆ. ನಿನ್ನಜ್ಜಿ ಹೋದ ಮೇಲೆ ಓದಿದಾಗಲೇ ಅದರ ಭಾರ ತಿಳಿದದ್ದು.

ಸುಮಾರು 1430ರಲ್ಲಿ ಚಾಮರಸ ಪ್ರಭುಲಿಂಗಲೀಲೆ ಬರೆದಾಗ ಈ ಕತೆ ಅವನಿಗೆ ಒಪ್ಪಲಿಲ್ಲ. 25 ಗತಿಗಳ ಅವನ ಕಾವ್ಯದಲ್ಲಿ ಅಲ್ಲಮನಿಗೆ ಮೋಹವೇ ಇಲ್ಲ. ಪಾರ್ವತಿ ಪಂಥ ಕಟ್ಟಿ ತನ್ನ ಮಾಯೆಯನ್ನು ಬನವಸೆಯ ಅರಸನ ಮಗಳಾಗಿ ಹುಟ್ಟಿಸುತ್ತಾಳೆ, ಆ ಮಾಯೆ ಮದ್ದಳೆಗಾರನ ಹಿಂದೆ ಬಿದ್ದು ಸೋಲುತ್ತಾಳೆ. ಭಾಮಿನಿ ಷಟ್ಪದಿಯ ನಡಿಗೆ ಅದ್ಭುತ, ಗಮಕಿಗಳು ವಾಚನ ಮಾಡಿದರೆ ಕೇಳುತ್ತಲೇ ಇರಬೇಕು ಅನಿಸುತ್ತದೆ. ತಮಿಳಿನವರೂ ಅದನ್ನು ತಮ್ಮ ಭಾಷೆಗೆ ತಂದುಕೊಂಡರು. ಆದರೂ ನನಗೆ ಹರಿಹರನ ಅಲ್ಲಮನೇ ಹತ್ತಿರ. ಎಂದೂ ಬೀಳದವನು ಬಿದ್ದವರಿಗೆ ಏನು ಹೇಳಿಯಾನು?

ಇನ್ನು ದ್ವಂದ್ವಯುದ್ಧ ಬೇಕೆಂದು ಕೇಳುತ್ತೀಯ. ಇದೆ. ಗೋರಕ್ಷ ಎಂಬ ಸಿದ್ಧ, ಸಾಧನೆ ಮಾಡಿ ಮಾಡಿ ದೇಹವನ್ನು ವಜ್ರ ಮಾಡಿಕೊಂಡವನು. ಮುಪ್ಪಿಲ್ಲ, ಗಾಯವಿಲ್ಲ. ಅಲ್ಲಮನ ಕೈಗೆ ಕತ್ತಿ ಕೊಟ್ಟು, ಕಡಿ ನೋಡೋಣ ಎಂದು ಎದೆಯೊಡ್ಡಿ ನಿಂತ. ಅಲ್ಲಮ ಬೀಸಿದ. ಕತ್ತಿ ಖಣಿಲೆಂದಿತು, ಒಂದು ಕೂದಲೂ ಕೊಂಕಲಿಲ್ಲ. ಗೋರಕ್ಷ ಗೆದ್ದೆನೆಂದು ನಕ್ಕ. ಅಲ್ಲಮ ಕತ್ತಿ ಅವನ ಕೈಗೇ ಹಿಂದಿರುಗಿಸಿ, ಈಗ ನೀನು ನನ್ನನ್ನು ಕಡಿ ಎಂದ. ಗೋರಕ್ಷ ಇದ್ದಬದ್ದ ಬಲವೆಲ್ಲ ಹಾಕಿ ಬೀಸಿದರೆ ಕತ್ತಿ ಗಾಳಿಯಲ್ಲಿ ಆಡಿದಂತೆ ಈ ಕಡೆಯಿಂದ ಆ ಕಡೆಗೆ ಹೋಯಿತು. ತಡೆಯುವುದಕ್ಕೆ ಅಲ್ಲಿ ಏನೂ ಇರಲಿಲ್ಲ.

ನಿನ್ನ ಕತೆಯ ವೋಲ್ಡೆಮಾರ್ಟ್ ಸಾಯಬಾರದೆಂದು ಆತ್ಮವನ್ನೇ ತುಂಡು ತುಂಡು ಮಾಡಿ ಬಚ್ಚಿಟ್ಟ. ಗೋರಕ್ಷ ಮೈಯನ್ನು ವಜ್ರ ಮಾಡಿಕೊಂಡ. ಇಬ್ಬರಿಗೂ ಇದ್ದದ್ದು ಒಂದೇ ಹೆದರಿಕೆ. ಆದರೆ ನಮ್ಮ ಕತೆಯಲ್ಲಿ ಸೋತವನನ್ನು ಕೊಲ್ಲುವುದಿಲ್ಲ. ಗೋರಕ್ಷ ಬಾಗಿದ, ಕಲಿತ. ಸೊನ್ನಲಿಗೆಯ ಸಿದ್ಧರಾಮನೂ ಕೋಪಿಸಿಕೊಂಡು ಹಣೆಗಣ್ಣು ತೆರೆದ, ಆ ಬೆಂಕಿ ಅಲ್ಲಮನ ಪಾದದ ಬಳಿ ತಣ್ಣಗಾಯಿತು, ಮುಂದೆ ಅವನೇ ಅಲ್ಲಮನ ಜೊತೆ ಕಲ್ಯಾಣಕ್ಕೆ ನಡೆದ. ಇನ್ನೊಂದು ಮಾತು, ಇದು ಶರಣರ ಕಡೆಯವರು ಹೇಳಿದ ಕತೆ. ನಾಥಪಂಥದವರಿಗೆ ಗೋರಕ್ಷನಾಥ ಪೂಜ್ಯ ಗುರು. ನಮ್ಮ ಪಕ್ಕದ ಆದಿಚುಂಚನಗಿರಿಯದೂ ನಾಥ ಪರಂಪರೆಯೇ. ಅವರ ಮುಂದೆ ಈ ಕತೆಯನ್ನು ಗೆದ್ದವರ ಹಾಗೆ ಹೇಳಬೇಡ.

ನಮ್ಮ ಸೀಮೆಯಲ್ಲಿ ನೆಲ ಅಗೆಯುವವರು ಇನ್ನೂ ಒಂದು ಬಗೆಯವರಿದ್ದಾರೆ. ಹೊಯ್ಸಳರು ಊರೂರಿಗೆ ಗುಡಿ ಕಟ್ಟಿಸಿ ಹೋದ ಜಿಲ್ಲೆ ನಮ್ಮ ಹಾಸನ. ಇಲ್ಲೇ ಕೊರವಂಗಲದ ಬೂಚೇಶ್ವರ 1173ರದ್ದು. ಬೇಲೂರು ರಸ್ತೆಯ ದೊಡ್ಡಗದ್ದವಳ್ಳಿಯ ಲಕ್ಷ್ಮೀದೇವಿ ಗುಡಿ ಅದಕ್ಕಿಂತ ಹಳೆಯದು, ಅಲ್ಲಿ ಕಾಳಿಯ ಬಾಗಿಲಲ್ಲಿ ಎಲುಬು ಎದ್ದ ಆಳೆತ್ತರದ ಬೇತಾಳಗಳು ನಿಂತಿವೆ. ಹಾಳುಬಿದ್ದ ಗುಡಿ ಕಂಡರೆ ಸಾಕು, ನಿಧಿ ಇದೆ ಎಂದು ರಾತ್ರಿ ನಿಂಬೆಹಣ್ಣು ಕುಂಕುಮ ಇಟ್ಟು ಪೀಠ ಕೀಳುವವರಿದ್ದಾರೆ. ಒಬ್ಬ ಮಂತ್ರವಾದಿ, ನಾಲ್ಕು ಜನ ಸಾಲಗಾರ ಹುಡುಗರು, ಒಂದು ಹಾರೆ. ನಿನ್ನ ವಯಸ್ಸಿನವರನ್ನೇ ಕರೆಯುತ್ತಾರೆ. ಯಾರಾದರೂ ಕರೆದರೆ ಹೋಗಬೇಡ, ಸುಮ್ಮನೂ ಇರಬೇಡ, ಊರಿನಲ್ಲಿ ಹೇಳು. ಎಂಟು ನೂರು ವರ್ಷದ ಕೆತ್ತನೆ ಒಂದೇ ರಾತ್ರಿಯಲ್ಲಿ ಚೂರಾಗುತ್ತದೆ.

ಫೋನಿನಲ್ಲಿ ವಶೀಕರಣ, ಸ್ತ್ರೀ ಪುರುಷ ಆಕರ್ಷಣೆ, ಶತ್ರುನಾಶ ಎಂಬ ಜಾಹೀರಾತು ನಿನಗೂ ಬರುತ್ತದೆ. ಒಂದು ಹುಡುಗಿ ನಿನ್ನನ್ನು ಬೇಡವೆಂದಾಗ ಅದರ ಮೇಲೆ ಬೆರಳು ಇಡಬೇಕೆನ್ನಿಸೀತು. ಒಲ್ಲದವಳ ಮನಸ್ಸನ್ನು ಮಂತ್ರದಿಂದ ತಿರುಗಿಸಲು ಹೊರಡುವುದು ಮೋಸ ಹೋಗುವುದಕ್ಕಿಂತ ದೊಡ್ಡ ತಪ್ಪು, ಅವಳ ಬೇಡ ಎಂಬ ಮಾತಿಗೆ ಬೆಲೆ ಕೊಡು. ಹೊಲದಲ್ಲಿ ಯಾರಿಗಾದರೂ ಹಾವು ಕಚ್ಚಿದರೆ ಮಂತ್ರ ಹಾಕಿಸಲು ಒಂದು ನಿಮಿಷವೂ ಕಳೆಯಬೇಡ. ಕೊಯ್ಯಬೇಡ, ಬಿಗಿಯಾಗಿ ಕಟ್ಟಬೇಡ, ಕಚ್ಚಿದ ಕೈಕಾಲು ಅಲ್ಲಾಡಿಸದೆ ಸೀದಾ ಹಾಸನದ ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋಗು. ವಿಷಕ್ಕೆ ಚುಚ್ಚುಮದ್ದು ಇರುವುದು ಅಲ್ಲಿ. ಹಾವು ಕಚ್ಚಿದವರಿಗೆ ವೈದ್ಯರ ಚಿಕಿತ್ಸೆ ತಪ್ಪಿಸಿ ಮಂತ್ರ ತಂತ್ರ ಮಾಡುವುದನ್ನು ನಮ್ಮ ರಾಜ್ಯ 2017ರ ಮಾಟಮಂತ್ರ ತಡೆ ಕಾಯ್ದೆಯಲ್ಲಿ ಅಪರಾಧವೆಂದೇ ಹೇಳಿದೆ. 1976ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಎಚ್. ನರಸಿಂಹಯ್ಯನವರು ಪವಾಡಗಳನ್ನು ಪರೀಕ್ಷೆ ಮಾಡಲೆಂದೇ ಸಮಿತಿ ರಚಿಸಿದರು. ಖಾದಿ ಪಂಚೆಯ ಆ ಮನುಷ್ಯನ ಬದುಕನ್ನೂ ಓದು. ಎಷ್ಟು ದೊಡ್ಡವರ ಮುಂದೆಯಾದರೂ ಸರಿ, ಪ್ರಶ್ನೆ ಕೇಳಿ ನಿಲ್ಲುವ ಧೈರ್ಯ ಅಲ್ಲಮನಿಂದ ಅವರವರೆಗೆ ಹರಿದು ಬಂದಿದೆ ಎಂದು ನನ್ನ ನಂಬಿಕೆ.

ಮಾಂತ್ರಿಕರ ಕತೆ ಓದುವುದನ್ನು ಬಿಡು ಎಂದು ನಾನು ಹೇಳಲಾರೆ. ಇನ್ನಷ್ಟು ಓದು. ಹರಿಹರನ ರಗಳೆಯನ್ನು ಮೊದಲು ಹಿಡಿ, ಚಿಕ್ಕದು. ಅದು ಮುಗಿದ ಮೇಲೆ ಚಾಮರಸ. ಹಳೆಯ ಪದಗಳು ತೊಡರಿದರೆ ಪೆನ್ಸಿಲಿನಲ್ಲಿ ಗೆರೆ ಎಳೆದು ಮುಂದೆ ಹೋಗು, ನಿಲ್ಲಬೇಡ. ದಸರಾ ರಜೆಗೆ ಬಂದಾಗ ಬೆಳಿಗ್ಗೆ ದೊಡ್ಡಗದ್ದವಳ್ಳಿಗೆ ಹೋಗಿ ಆ ಬೇತಾಳಗಳನ್ನು ನೋಡಿಕೊಂಡು ಬರೋಣ, ಗೆರೆ ಎಳೆದ ಜಾಗಗಳನ್ನು ಮಧ್ಯಾಹ್ನ ಕೂತು ಬಿಡಿಸೋಣ.