ಬೆಸುಗೆಯ ದೋಷಗಳೂ ಕಾರಣಶೋಧನೆಯೂ

ತಾಮ್ರದ ಪಾತ್ರೆಗೆ ಕಲಾಯಿ ಹಾಕುವವನು ಮೊದಲು ಪಾತ್ರೆಯನ್ನು ಕಾಯಿಸಿ, ನವಸಾಗರದ ಪುಡಿಯಿಂದ ತಿಕ್ಕಿ, ಅನಂತರವೇ ತವರವನ್ನು ಸವರುತ್ತಿದ್ದುದನ್ನು ಹಿರಿಯರೆಲ್ಲರೂ ಬಲ್ಲರು. ನವಸಾಗರವು ಲೋಹದ ಮೇಲಣ ಕಿಲುಬನ್ನು ಕಳೆಯದಿದ್ದಲ್ಲಿ ತವರವು ಹರಡಿಕೊಳ್ಳದೆ ಉಂಡೆಯಾಗಿ ಉರುಳುತ್ತದೆ. ರಾಜಾಜಿನಗರ, ಪೀಣ್ಯಗಳ ಕೈಗಾರಿಕಾ ಪ್ರದೇಶಗಳಲ್ಲಿ ವಿದ್ಯುನ್ಮಾನ ಬೋರ್ಡುಗಳನ್ನು ಜೋಡಿಸುವ ಘಟಕಗಳ ಬೆಸುಗೆಗೂ ಆಧಾರವಾದುದು ಇದೇ ತತ್ತ್ವ. ಭೇದವೇನೆಂದರೆ, ಕಲಾಯಿಯವನ ಕಣ್ಣೆದುರೇ ತವರವು ಕರಗುತ್ತಿತ್ತು. ಇಲ್ಲಿಯಾದರೋ ಮುಚ್ಚಿದ ಓವನ್ನಿನೊಳಗೆ ಕರಗಿ, ಗಟ್ಟಿಯಾಗಿ ಹೊರಬರುತ್ತದೆ. ಆದಕಾರಣ ದೋಷದ ಮೂಲವನ್ನು ಕ್ರಮವರಿತು ಅರಸಬೇಕಾಗುತ್ತದೆ.

1948ರಲ್ಲಿ ಐ.ಟಿ.ಐ., 1954ರಲ್ಲಿ ಬಿ.ಇ.ಎಲ್. ಸ್ಥಾಪನೆಗೊಂಡ ಮೇಲೆ ಈ ಉದ್ಯಮವು ಬೆಂಗಳೂರಿನಲ್ಲಿ ಬೇರುಬಿಟ್ಟಿತು. ಹಿಂದೆ ಕಾದ ಸಲಾಕೆಯಿಂದ ಒಂದೊಂದು ಸಂದನ್ನೂ ಕೈಯಿಂದಲೇ ಬೆಸೆಯುತ್ತಿದ್ದರು. ಈಗಿನ ಕ್ರಮವೇ ಬೇರೆ. ಬೆಸುಗೆಲೋಹದ ನುಣುಪಾದ ಪುಡಿಯನ್ನು ಫ್ಲಕ್ಸಿನೊಡನೆ ಕಲಸಿದ ಪೇಸ್ಟನ್ನು, ತೂತುಗಳುಳ್ಳ ತೆಳು ಉಕ್ಕಿನ ಸ್ಟೆನ್ಸಿಲ್ ಮೂಲಕ ಬೋರ್ಡಿನ ಮೇಲೆ ಒತ್ತುತ್ತಾರೆ. ಬಿಡಿಭಾಗಗಳನ್ನು ಅದರ ಮೇಲಿರಿಸಿ, ಬೋರ್ಡನ್ನು ಓವನ್ನಿಗೆ ಕಳುಹಿಸುತ್ತಾರೆ. ಅಲ್ಲಿ ನವಸಾಗರದ ಪಾತ್ರವನ್ನು ವಹಿಸುವುದು ಫ್ಲಕ್ಸು.

63 ಭಾಗ ತವರ, 37 ಭಾಗ ಸೀಸವಿದ್ದ ಹಳೆಯ ಬೆಸುಗೆಲೋಹವು 183 ಡಿಗ್ರಿ ಸೆಲ್ಸಿಯಸ್ಸಿನಲ್ಲಿ ಕರಗುತ್ತಿತ್ತು. ಯೂರೋಪಿನ ಸೀಸನಿರ್ಬಂಧವು 2006ರ ಜುಲೈ 1ರಿಂದ ಜಾರಿಗೆ ಬಂದ ಮೇಲೆ ತವರಕ್ಕೆ ಬೆಳ್ಳಿ, ತಾಮ್ರಗಳನ್ನು ತುಸು ಸೇರಿಸಿದ ಮಿಶ್ರಲೋಹವು ರೂಢಿಗೆ ಬಂದಿತು. ಅದು ಕರಗಲು ಸುಮಾರು 217 ಡಿಗ್ರಿ ಬೇಕು; ಓವನ್ನಿನಲ್ಲಿ ಬೋರ್ಡು 240ರ ಆಸುಪಾಸಿಗೆ ಏರಬೇಕು. ಅನೇಕ ಬಿಡಿಭಾಗಗಳ ಸಹನೆಯ ಮಿತಿಯಾದರೋ 260. ತಪ್ಪಿಗೆ ಇದ್ದ ಎಡೆ ಹೀಗೆ ಕಿರಿದಾಯಿತು.

ದೋಷ ಕಂಡೊಡನೆ ಓವನ್ನಿನ ಶಾಖವನ್ನು ತಿರುಗಿಸುವುದು ಸಾಮಾನ್ಯವಾದ ಅವಸರ. ನ್ಯಾಯಶಾಸ್ತ್ರದ ಅನ್ವಯ-ವ್ಯತಿರೇಕಗಳು ಇಲ್ಲಿ ಚೆನ್ನಾಗಿ ಸಲ್ಲುತ್ತವೆ: ಯಾವುದು ಇದ್ದಾಗ ದೋಷವಿರುತ್ತದೆ, ಯಾವುದು ಇಲ್ಲದಾಗ ಇರುವುದಿಲ್ಲ? ಪ್ರತಿ ಬೋರ್ಡಿನಲ್ಲಿಯೂ ಒಂದೇ ಸ್ಥಳದಲ್ಲಿ ಎರಡು ಕಾಲುಗಳ ನಡುವೆ ಬೆಸುಗೆ ಸೇತುವೆ ಕಟ್ಟಿದರೆ, ಮೊದಲು ಸಂದೇಹಿಸಬೇಕಾದುದು ಆ ಸ್ಥಳದ ಸ್ಟೆನ್ಸಿಲ್ ತೂತನ್ನು. ಬೆಳಗಿನ ಮೊದಲ ಬೋರ್ಡುಗಳಲ್ಲಿ ಮಾತ್ರ ಸಣ್ಣ ಲೋಹದ ಗುಂಡುಗಳು ಚದುರಿದ್ದರೆ ಪೇಸ್ಟನ್ನು ವಿಚಾರಿಸಬೇಕು. ಶೀತದಲ್ಲಿಟ್ಟ ಡಬ್ಬಿಯನ್ನು ಕೊಠಡಿಯ ಶಾಖಕ್ಕೆ ಬರುವ ಮುನ್ನವೇ ತೆರೆದರೆ ಗಾಳಿಯ ತೇವ ಅದರ ಮೇಲೆ ಹನಿಗಟ್ಟಿ, ಓವನ್ನಿನಲ್ಲಿ ಸಿಡಿಯುತ್ತದೆ. ಮಳೆಗಾಲದಲ್ಲಿ ತೆರೆದಿಟ್ಟ ಚಿಪ್ಪುಗಳೂ ತೇವ ಹೀರಿ, ಶಾಖ ತಗುಲಿದಾಗ ಒಳಗೇ ಬಿರಿಯುವುದುಂಟು, ಜೋಳವು ಅರಳಾಗುವಂತೆ.

ಅತಿ ಸಣ್ಣ ಬಿಡಿಭಾಗಗಳು ಒಂದು ತುದಿಯ ಮೇಲೆ ನೆಟ್ಟಗೆ ನಿಂತುಬಿಡುವ ದೋಷವು ವಿಚಿತ್ರವಾದುದು. ಕಾರ್ಮಿಕರು ಇದನ್ನು ಟೂಂಬ್‌ಸ್ಟೋನ್ ಎನ್ನುತ್ತಾರೆ. ನಿಲುಗಲ್ಲು ಎಂದರೆ ಸೊಗಸಾಗಿರುತ್ತಿತ್ತು. ಎರಡು ತುದಿಗಳಲ್ಲಿ ಒಂದರ ಬೆಸುಗೆ ಮೊದಲು ಕರಗಿದರೆ, ದ್ರವಲೋಹದ ಮೇಲ್ಮೈ ಎಳೆತವು ಆ ಹಗುರ ತುಣುಕನ್ನು ಎತ್ತಿ ನಿಲ್ಲಿಸುತ್ತದೆ. ಇನ್ನೊಂದು ತುದಿಯು ಅಗಲವಾದ ತಾಮ್ರಪಟ್ಟಿಗೆ ಸೇರಿದ್ದು, ಆ ಪಟ್ಟಿಯು ಶಾಖವನ್ನು ಹೀರಿಕೊಳ್ಳುವುದು ಒಂದು ಕಾರಣ. ಎರಡೂ ಕಡೆ ಪೇಸ್ಟು ಸಮನಾಗಿಲ್ಲದಿರುವುದು ಇನ್ನೊಂದು. ಮೊದಲನೆಯದು ವಿನ್ಯಾಸಕಾರನ ತಪ್ಪು. ಆದರೆ ಮಾತು ಕೇಳಬೇಕಾಗುವುದು ಹೆಚ್ಚಾಗಿ ಯಂತ್ರದ ಬಳಿ ನಿಂತ, ಆಗತಾನೆ ಡಿಪ್ಲೊಮಾ ಮುಗಿಸಿ ಬಂದ ಹುಡುಗ ಅಥವಾ ಹುಡುಗಿ. ಕಾರಣವನ್ನು ನಿರೂಪಿಸಲು ಬಲ್ಲವರಿಗೆ ಈ ಅನ್ಯಾಯದಿಂದ ರಕ್ಷಣೆಯುಂಟು.

ಆ ನಿರೂಪಣೆಗೆ ಅಳತೆ ಬೇಕು. ಓವನ್ನಿನ ಫಲಕವು ತೋರಿಸುವುದು ಬೋರ್ಡಿನ ಶಾಖವನ್ನಲ್ಲ. ಉಷ್ಣಯುಗ್ಮದ ಸಣ್ಣ ತಂತಿಗಳನ್ನು ಬೋರ್ಡಿಗೇ ಅಂಟಿಸಿ, ಭಾರವಾದ ಭಾಗದ ಬಳಿಯೂ ಹಗುರವಾದ ಅಂಚಿನಲ್ಲಿಯೂ ಪ್ರತ್ಯೇಕವಾಗಿ ಅಳೆಯಬೇಕು. ಬಳಿಕ ಒಂದು ಬಾರಿಗೆ ಒಂದನ್ನೇ ಬದಲಿಸಬೇಕು; ವೇಗ, ಶಾಖ, ಪೇಸ್ಟು ಮೂರನ್ನೂ ಒಟ್ಟಿಗೆ ಬದಲಿಸಿದರೆ ದೋಷ ಹೋದರೂ ಕಾರಣವು ತಿಳಿಯದು.

ಕೆಲವರು ದೋಷವುಳ್ಳ ಸಂದನ್ನು ಸಲಾಕೆಯಿಂದ ಮತ್ತೆ ಕಾಯಿಸಿ ಬೋರ್ಡನ್ನು ಸಾಗಿಸುತ್ತಾರೆ. ಪ್ರತಿ ಸಲ ಕಾಯಿಸಿದಾಗಲೂ ತವರ-ತಾಮ್ರಗಳ ನಡುವಣ ಸಂಯುಕ್ತಪದರ ದಪ್ಪವಾಗುತ್ತದೆ. ಅತಿಯಾದರೆ ಸಂದು ಪೆಡಸಾಗುತ್ತದೆ. ಸೀಸದ ಬೆಸುಗೆಗೆ ಕಣ್ಣು ಪಳಗಿಸಿಕೊಂಡ ಹಿರಿಯ ಪರೀಕ್ಷಕರು ಇದರಲ್ಲಿ ವಿಶೇಷ ಎಚ್ಚರ ವಹಿಸಬೇಕು. ಅಂದಿನ ಒಳ್ಳೆಯ ಸಂದು ಕನ್ನಡಿಯಂತೆ ಹೊಳೆಯುತ್ತಿತ್ತು, ಮಂಕಾದುದು ಕೆಟ್ಟದು. ಸೀಸವಿಲ್ಲದ ಬೆಸುಗೆಯು ಚೆನ್ನಾಗಿದ್ದಾಗಲೂ ತುಸು ಮಂಕಾಗಿ, ತರಿತರಿಯಾಗಿ ಕಾಣುತ್ತದೆ. ಅಲ್ಲಿ ನೋಡಬೇಕಾದುದು ಹೊಳಪನ್ನಲ್ಲ, ಲೋಹವು ಕಾಲಿನ ಬುಡಕ್ಕೆ ತೆಳುವಾಗಿ ಹರಿದು ಹತ್ತಿಕೊಂಡಿದೆಯೇ ಎಂಬುದನ್ನು.